ಬೌಲರುಗಳ ಮೇಲಣ ಕೋಪ

2024ನೆಯ ಇಸವಿಯ ಏಪ್ರಿಲ್ ಮಾಸದಲ್ಲಿ ನಮ್ಮ ಸರಸ್ವತಿಪುರದ ಕಟ್ಟೆಗಳ ಮೇಲೆ ಕ್ರಿಕೆಟ್ಟಿನ ಹೊರತು ಅನ್ಯ ಪ್ರಸ್ತಾಪವೇ ಇರಲಿಲ್ಲ. ಐ.ಪಿ.ಎಲ್. ಪಂದ್ಯಾವಳಿಯ ಮೊದಲ ಎಂಟು ಆಟಗಳಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವು ಏಳನ್ನು ಸೋತಿತು. 15ನೆಯ ತಾರೀಖಿನಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೈದರಾಬಾದಿನವರು 287 ರನ್ನುಗಳನ್ನು ಸೂರೆಗೊಂಡರು. ಬೌಲರುಗಳೇ ಕುಲಗೇಡಿಗಳೆಂದು ತರುಣರು ಕೂಗಾಡಿದರು. ಟೆಸ್ಟುಗಳಲ್ಲಿ 236 ವಿಕೆಟ್ಟು ಪಡೆದ ನಮ್ಮೂರಿನ ಜಾವಗಲ್ ಶ್ರೀನಾಥರನ್ನು ನೆನೆದು ವೃದ್ಧರು ನಿಟ್ಟುಸಿರಿಟ್ಟರು. ಆದರೆ ಅದೇ ರಾತ್ರಿ ನಮ್ಮವರೂ 262 ರನ್ನು ಹೊಡೆದರಷ್ಟೆ! ಬೌಂಡರಿಯು ಸಮೀಪದಲ್ಲಿರುವ ಆ ಅಂಗಣದಲ್ಲಿ ಉಭಯಪಕ್ಷದ ಬೌಲರುಗಳೂ ಸಮಾನದುಃಖಿಗಳು. ಇದನ್ನೆಣಿಸದೆ ಕೊಟ್ಟ ತೀರ್ಪನ್ನು ನಾವು ನ್ಯಾಯವೆನ್ನಲಾರೆವು.

ಎಲ್ಲರಿಗಿಂತ ಹೆಚ್ಚು ಬೈಗುಳವುಂಡವರು ಯಶ್ ದಯಾಳರು. 2023ರಲ್ಲಿ ಗುಜರಾತಿನ ಪರವಾಗಿ ಆಡುವಾಗ ಕೊನೆಯ ಓವರಿನಲ್ಲಿ ರಿಂಕು ಸಿಂಗರಿಂದ ಸತತ ಐದು ಸಿಕ್ಸರು ಹೊಡೆಸಿಕೊಂಡವರಿವರು. ಇಂಥವನನ್ನು ಹಣ ತೆತ್ತು ತಂದವರಾರೆಂದು ಕಟ್ಟೆಯವರ ಆಕ್ಷೇಪ.

ತಂಡವು ಬಳಿಕ ಒಂದರ ಮೇಲೊಂದು ಗೆಲ್ಲುತ್ತ ಬಂದು, ಮೇ 18ರಂದು ಚೆನ್ನೈಯವರನ್ನು ಎದುರಿಸಿತು. ಮುಂದಿನ ಸುತ್ತಿಗೇರಲು ಚೆನ್ನೈಗೆ ಕಡೆಯ ಓವರಿನಲ್ಲಿ 17 ರನ್ನು ಸಾಕಿತ್ತು. ಚೆಂಡು ದಯಾಳರ ಕೈಗೇ ಬಂದಿತು. ಮೊದಲನೆಯದನ್ನು ಧೋನಿಯವರು ಸಿಕ್ಸರಿಗಟ್ಟಿದರು, ಎರಡನೆಯದಕ್ಕೆ ಔಟಾದರು. ಆ ಓವರಿನಲ್ಲಿ ದಯಾಳರು ಕೊಟ್ಟದ್ದು ಏಳೇ ರನ್ನು.

ಮರುದಿನ ಕಟ್ಟೆಯ ಮೇಲೆ ಧೋನಿಯವರ ಸಿಕ್ಸರು ಎಷ್ಟು ದೂರ ಹೋಯಿತೆಂಬುದೇ ವಾಗ್ವಾದವಾಗಿತ್ತು.