ತಡಿಕೆ, ತೇವ ಮತ್ತು ಜೋತುಬೀಳುವ ಗೇಟು

ಮನೆಯ ಮಗ್ಗುಲಿನ ಕಲ್ಲುಹಾಸಿನ ಅಂಗಳವನ್ನು ದಾರಿಹೋಕರ ಕಣ್ಣಿನಿಂದ ಮರೆಮಾಡಲು ನಿಲ್ಲಿಸುವ ಮರದ ತಡಿಕೆಯು ಕಟ್ಟಡದ ಭಾರವನ್ನೇನೂ ಹೊರುವುದಿಲ್ಲವಾದ್ದರಿಂದ ಅದನ್ನು ಹಗುರವಾದ ಕೆಲಸವೆಂದು ಎಣಿಸುವುದು ವಾಡಿಕೆ. ಆದರೆ ಸೂರಿನ ಆಸರೆಯಿಲ್ಲದೆ ಮಳೆ, ಬಿಸಿಲು, ಗಾಳಿ ಮೂರಕ್ಕೂ ಮೈಯೊಡ್ಡುವ ಈ ರಚನೆಯಲ್ಲಿ ಮರದ ಸ್ವಭಾವವು ಮನೆಯೊಳಗಿನ ಮೇಜುಕುರ್ಚಿಗಳಿಗಿಂತ ಬಹುಬೇಗ ಹೊರಬೀಳುತ್ತದೆ.

ಕಡಿದು ಒಣಗಿಸಿದ ಮೇಲೂ ಮರವು ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಜೀವಕೋಶಗಳ ಭಿತ್ತಿಗಳು ಪೂರ್ತಿ ನೆನೆದಿದ್ದು, ಒಳಗಿನ ಟೊಳ್ಳುಗಳಲ್ಲಿ ನೀರಿಲ್ಲದ ಹಂತಕ್ಕೆ ನಾರಿನ ಸಂತೃಪ್ತಿ ಬಿಂದು ಎಂದು ಹೆಸರು. ಒಣಮರದ ತೂಕದ ಶೇಕಡಾ 28ರಿಂದ 30ರಷ್ಟಿರುವ ಈ ತೇವಮಟ್ಟಕ್ಕಿಂತ ಕೆಳಗೆ ಆಗುವ ಪ್ರತಿಯೊಂದು ಏರಿಳಿತಕ್ಕೂ ಹಲಗೆಯ ಅಗಲ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಉದ್ದ ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಅಗಲದಲ್ಲಿಯೂ ವಾರ್ಷಿಕ ಉಂಗುರಗಳ ಗುಂಟ ಆಗುವ ಬದಲಾವಣೆಯು ಕೇಂದ್ರದಿಂದ ಹೊರಮುಖವಾಗಿ ಆಗುವುದರ ಸುಮಾರು ಎರಡರಷ್ಟಿರುವುದರಿಂದ ಹಲಗೆ ದೋಣಿಯಂತೆ ಬಾಗುತ್ತದೆ. ಅಲುಗಾಟ ಕಡಿಮೆಯೆಂದು ಹೆಸರಾದ ತೇಗದಲ್ಲಿಯೂ, ಉಂಗುರಗಳ ಗುಂಟ ಸೀಳಿದ 100 ಮಿಲಿಮೀಟರ್ ಅಗಲದ ಹಲಗೆಯ ತೇವಾಂಶ ಶೇಕಡಾ 18ರಿಂದ 8ಕ್ಕೆ ಇಳಿದರೆ ಸುಮಾರು 2 ಮಿಲಿಮೀಟರ್ ಕುಗ್ಗುತ್ತದೆ. ಬೇಸಿಗೆಯಲ್ಲಿ ಹಲಗೆಗಳನ್ನು ಒತ್ತೊತ್ತಾಗಿ ಜೋಡಿಸಿದ ಗೇಟು ಮಳೆಗಾಲದಲ್ಲಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದಕ್ಕೆ ಬಡಗಿಯ ಕೈ ಕಾರಣವಲ್ಲ, ಈ ಲೆಕ್ಕವನ್ನು ಮರೆತದ್ದು ಕಾರಣ.

ಕೊಳೆಯುವಿಕೆಯ ಕಥೆಯೂ ತೇವದ ಕಥೆಯೇ. ಮರವನ್ನು ತಿನ್ನುವ ಶಿಲೀಂಧ್ರಗಳಿಗೆ ಶೇಕಡಾ 20ಕ್ಕಿಂತ ಹೆಚ್ಚಿನ ತೇವವೂ ಜೊತೆಗೆ ಆಮ್ಲಜನಕವೂ ಬೇಕಾಗಿದ್ದು, ಎರಡೂ ಒಟ್ಟಿಗೆ ಒದಗುವ ಜಾಗ ಕಂಬವು ಮಣ್ಣನ್ನು ಮುಟ್ಟುವ ಗೆರೆಯಾದುದರಿಂದ ಕಂಬ ಸಾಮಾನ್ಯವಾಗಿ ಅಲ್ಲಿಯೇ ಮುರಿಯುತ್ತದೆ. ದುಬಾರಿ ಬೆಲೆಯ ತೇಗ ತಂದು ಅದರ ಬುಡವನ್ನು ನೇರವಾಗಿ ಕಾಂಕ್ರೀಟಿನಲ್ಲಿ ಹೂಳುವುದು, ನೀರಿಗೊಂದು ಬಟ್ಟಲು ಕಟ್ಟಿಕೊಟ್ಟಂತೆಯೇ ಸರಿ. ಕಬ್ಬಿಣದ ಪಾದವನ್ನು ಕಾಂಕ್ರೀಟಿಗೆ ಬಿಗಿದು, ಮರವನ್ನು ನೆಲದಿಂದ ಮೇಲೆತ್ತಿ ನಿಲ್ಲಿಸುವುದೇ ಮೇಲು. ಮರದ ಒಳತಿರುಳಾದ ಚೇಗು ತನ್ನೊಳಗಿನ ರಾಸಾಯನಿಕಗಳಿಂದ ಕೊಳೆಯನ್ನು ತಡೆದರೂ, ಹೊರಗಿನ ಬಿಳಿಭಾಗಕ್ಕೆ ಆ ಶಕ್ತಿಯಿಲ್ಲ. ಅಂಥ ಮರಕ್ಕಾಗಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಲವಣದ್ರಾವಣವನ್ನು 1933ರಲ್ಲಿ ರೂಪಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಭಾರತೀಯ ವಿಜ್ಞಾನಿ ಸೋಂಟಿ ಕಾಮೇಶಂ. ಜಗತ್ತಿನಾದ್ಯಂತ ಹರಡಿದ ಈ ದ್ರಾವಣದ ಬಳಕೆಯನ್ನು ಆರ್ಸೆನಿಕ್‌ನ ಭಯದಿಂದ ಅಮೆರಿಕದ ತಯಾರಕರು 2003ರ ಕೊನೆಗೆ ಮನೆಬಳಕೆಯ ಹೆಚ್ಚಿನ ಮರಗಳಿಂದ ಹಿಂತೆಗೆದುಕೊಂಡರು. ಹಾಗೆ ಸಂಸ್ಕರಿಸಿದ ಮರದ ತುಂಡುಗಳನ್ನು ಎಂದಿಗೂ ಒಲೆಗೆ ಹಾಕಬಾರದು.

ತೇವದ ಜೊತೆಗೆ ತಡಿಕೆಯು ಗಾಳಿಯನ್ನೂ ತಾಳಬೇಕು, ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಭಾರತೀಯ ಮಾನಕವು ಬೆಂಗಳೂರಿಗೆ ಸೂಚಿಸುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ನೆಲದ ಸಮೀಪ ವೇಗ ಕಡಿಮೆಯಿರುವುದಾದರೂ, ಅದೇ ವೇಗವನ್ನು ಹಿಡಿದು ಸ್ಥೂಲವಾಗಿ ಲೆಕ್ಕಹಾಕಿದರೆ ಚದರ ಮೀಟರಿಗೆ ಸುಮಾರು 65 ಕಿಲೋ ತೂಕದಷ್ಟು ಬಲ ಬೀಳುತ್ತದೆ. ಪಟ್ಟಿಗಳ ನಡುವೆ ಸಂದು ಬಿಟ್ಟರೆ ಈ ಬಲ ತಗ್ಗುತ್ತದೆ, ಹಿಗ್ಗುವ ಮರಕ್ಕೂ ಜಾಗ ಸಿಗುತ್ತದೆ.

ಗೇಟಿನ ಸಮಸ್ಯೆ ಬೇರೆ. ಅದರ ತೂಕವೆಲ್ಲ ಒಂದೇ ಮಗ್ಗುಲಿನ ಕೀಲುಗಳಿಗೆ ಜೋತುಬಿದ್ದಿರುವುದರಿಂದ ಮೇಲಿನ ಕೀಲು ಕಂಬದಿಂದ ಕಿತ್ತುಬರಲು ಎಳೆಯುತ್ತದೆ. 1 ಮೀಟರ್ ಅಗಲದ 30 ಕಿಲೋ ಗೇಟಿಗೆ, 1.2 ಮೀಟರ್ ಅಂತರದ ಕೀಲುಗಳಿದ್ದಲ್ಲಿ ಆ ಎಳೆತ 12.5 ಕಿಲೋ, ಅಗಲವನ್ನು ಇಮ್ಮಡಿಸಿದರೆ ತೂಕವೂ ಇಮ್ಮಡಿಸುವುದರಿಂದ ಎಳೆತ ನಾಲ್ಕು ಪಟ್ಟಾಗಿ 50 ಕಿಲೋ ಮುಟ್ಟುತ್ತದೆ. ಜೊತೆಗೆ ನಾಲ್ಕು ಮೂಲೆಯ ಚೌಕಟ್ಟು ಓರೆಯಾಗಬಲ್ಲುದು, ತ್ರಿಕೋನವು ತನ್ನ ಬದಿಗಳ ಉದ್ದ ಬದಲಾಗದೆ ಆಕಾರ ಕೆಡಿಸಿಕೊಳ್ಳಲಾರದು. ಆದ್ದರಿಂದ ಚೌಕಟ್ಟಿನೊಳಗೆ ಕರ್ಣಪಟ್ಟಿಯೊಂದು ಅವಶ್ಯ. ಮರದ ಪಟ್ಟಿಯಾದರೆ ಅದು ಒತ್ತಡವನ್ನು ಹೊರುವಂತೆ ಕೆಳಗಿನ ಕೀಲಿನ ಬುಡದಿಂದ ಚಿಲಕದ ಬದಿಯ ಮೇಲ್ಮೂಲೆಗೆ ಏರಬೇಕು. ಎಳೆತವನ್ನಷ್ಟೇ ತಾಳುವ ಉಕ್ಕಿನ ತಂತಿಯಾದರೆ ಮೇಲಿನ ಕೀಲಿನಿಂದ ಚಿಲಕದ ಬದಿಯ ಕೆಳಮೂಲೆಗೆ ಇಳಿಯಬೇಕು.