ಮಡಚುವ ಕ್ಯಾಮೆರಾಕ್ಕೆ ಒಪ್ಪುವ ಲೆನ್ಸು

ಫೀಲ್ಡ್ ಕ್ಯಾಮೆರಾ ಮಡಚಿದಾಗ ಒಂದು ಮರದ ಪೆಟ್ಟಿಗೆ. ಬಿಚ್ಚಿ ಎಳೆದರೆ ಕಮ್ಮಾರನ ತಿದಿಯಂತೆ ಹಿಗ್ಗುತ್ತದೆ. ಮುಂದಿನ ಚೌಕಟ್ಟಿಗೆ ಲೆನ್ಸು, ಹಿಂದಿನದಕ್ಕೆ ಮಸುಕು ಗಾಜು, ನಡುವೆ ಬೆಳಕು ನುಸುಳದ ನೆರಿಗೆಯ ಬೆಲ್ಲೋಸ್. ಕರಿ ಬಟ್ಟೆ ಹೊದ್ದು, ಗಾಜಿನ ಮೇಲೆ ತಲೆಕೆಳಗಾಗಿ ಮೂಡಿದ ಚಿತ್ರವನ್ನು ನೋಡಿ ಫೋಕಸ್ ಮಾಡಿ, ಆಮೇಲೆ ಫಿಲ್ಮಿನ ಹೋಲ್ಡರ್ ತುರುಕಿ ಚಿತ್ರ ತೆಗೆಯಬೇಕು. ಶಾಲೆಯ ಗ್ರೂಪ್ ಫೋಟೋಗೆ ಸ್ಟುಡಿಯೋದವರು ಹೊತ್ತು ತರುತ್ತಿದ್ದದ್ದು ಇದರದೇ ದೊಡ್ಡಣ್ಣ. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಅಂಥವುಗಳಲ್ಲಿ ಹೆಸರಾದದ್ದು. ಇಂದಿನ ಹವ್ಯಾಸಿಗಳ ಕೈಯಲ್ಲಿರುವ 4×5 ಇಂಚಿನ ಮಡಚುವ ಕ್ಯಾಮೆರಾ ಒಂದೂವರೆ, ಎರಡು ಕಿಲೋ ತೂಗಿದರೆ ಹೆಚ್ಚು. ಅದಕ್ಕೆ ಒಂದು ಕಿಲೋ ಮೀರುವ ಲೆನ್ಸು ಕಟ್ಟಿದರೆ ಮಡಚುವ ಸೌಕರ್ಯಕ್ಕೆ ಅರ್ಥವೇ ಉಳಿಯುವುದಿಲ್ಲ.

ಒಪ್ಪುವ ಲೆನ್ಸು ಯಾವುದೆಂಬುದನ್ನು ಇಲ್ಲಿ ವಿಜಯಪುರ ಜಿಲ್ಲೆಯನ್ನು ಮುಂದಿಟ್ಟುಕೊಂಡು ನೋಡೋಣ. ಆ ಜಿಲ್ಲೆಗೆ ದೊಡ್ಡ ಕ್ಯಾಮೆರಾ ಹೊಸದಲ್ಲ. ಈಸ್ಟ್ ಇಂಡಿಯಾ ಕಂಪನಿ 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಮುಂಬಯಿ ಪ್ರಾಂತದ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನೂ ಮೇಜರ್ ಲಾಕ್ ಎಂಬವನೂ ತೆಗೆದ ವಿಜಯಪುರದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಅದಕ್ಕೆ ಇತಿಹಾಸದ ಭಾಗ ಬರೆದವನು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್ನನದು. ಆಗ ನೆಗೆಟಿವ್ ಎಷ್ಟು ದೊಡ್ಡದೋ ಮುದ್ರಿಸಿದ ಚಿತ್ರವೂ ಅಷ್ಟೇ. ಹಾಗಾಗಿ ಕ್ಯಾಮೆರಾ ದೊಡ್ಡದಾಗಲೇಬೇಕಿತ್ತು, ಲೆನ್ಸೂ ಹಾಗೇ. ಹಿಗ್ಗಿಸಿ ಮುದ್ರಿಸುವ ಅನುಕೂಲವಿರುವ ಇಂದಿನವರಿಗೆ ಆ ಕಟ್ಟುಪಾಡಿಲ್ಲ. ಇಂಡಿಗೋ ಸಿಂದಗಿಗೋ ಕೆಂಪು ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹೊಲದ ಬದುವಿನ ಮೇಲೆ ನಡೆಯುವವರಿಗೆ ಒಂದೇ ಹೆಗಲಚೀಲದಲ್ಲಿ ಎಲ್ಲವೂ ಹಿಡಿಯಬೇಕು.

ಲೆನ್ಸು ಆರಿಸುವಾಗ ಮೊದಲು ನೋಡಬೇಕಾದದ್ದು ಚಿತ್ರವೃತ್ತ. ಲೆನ್ಸು ಹಿಂದಕ್ಕೆ ಚೆಲ್ಲುವ ಬೆಳಕು ದುಂಡಗಿರುತ್ತದೆ, ಫಿಲ್ಮು ಆಯತಾಕಾರ. 4×5 ಫಿಲ್ಮಿನಲ್ಲಿ ಚಿತ್ರ ಮೂಡುವ ಜಾಗ ಸುಮಾರು 95×120 ಮಿಲಿಮೀಟರ್, ಅದರ ಕರ್ಣ 153. ಆ ದುಂಡು ಇಷ್ಟಾದರೂ ಇಲ್ಲದಿದ್ದರೆ ಮೂಲೆಗಳು ಕಪ್ಪಾಗುತ್ತವೆ. ಇಷ್ಟೇ ಇದ್ದರೂ ಸಾಲದು. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡದೆ ಲೆನ್ಸನ್ನಷ್ಟೇ ಮೇಲೆತ್ತಿ ಎತ್ತರದ ಕಟ್ಟಡವನ್ನು ನೆಟ್ಟಗೆ ಹಿಡಿಯುವುದು ಈ ಕ್ಯಾಮೆರಾದ ದೊಡ್ಡ ಗುಣ. ವೃತ್ತದಲ್ಲಿ ಜಾಗ ಮಿಕ್ಕಿದ್ದರೆ ಮಾತ್ರ ಹಾಗೆ ಎತ್ತಲು ಬರುತ್ತದೆ. ಷ್ನೈಡರ್ ಕಂಪನಿಯ ಹಳೆಯ 90 ಮಿ.ಮೀ. ಆಂಗ್ಯುಲಾನ್ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಅದರ ವೃತ್ತ ಸುಮಾರು 154. ಫಿಲ್ಮನ್ನು ಲಂಬವಾಗಿಟ್ಟರೆ ಅದು ಒಂದು ಮಿಲಿಮೀಟರೂ ಮೇಲೇಳಲು ಬಿಡುವುದಿಲ್ಲ. ಅದೇ ನಾಭಿದೂರದ ನಿಕ್ಕೋರ್ ಎಸ್‌ಡಬ್ಲ್ಯು ಎಫ್/8 ಲೆನ್ಸಿನ ವೃತ್ತ 235, ತೂಕ 360 ಗ್ರಾಂ. ಅದರಲ್ಲಿ 47 ಮಿಲಿಮೀಟರ್‌ವರೆಗೆ ಎತ್ತಬಹುದು. ಚಿಕ್ಕದೆಂಬ ಒಂದೇ ಕಾರಣಕ್ಕೆ ಆಂಗ್ಯುಲಾನ್ ಕೊಂಡವರು ಗುಡಿಯ ಶಿಖರ ಕತ್ತರಿಸಿಹೋದಾಗ ಪೇಚಾಡುತ್ತಾರೆ.

ವೃತ್ತವನ್ನು ಬಿಟ್ಟುಕೊಡದೆ ಲೆನ್ಸು ಚಿಕ್ಕದಾಗಬೇಕೆಂದರೆ ಬಿಟ್ಟುಕೊಡಬೇಕಾದದ್ದು ಬೆಳಕಿನ ಕಿಂಡಿಯನ್ನು. ಎಫ್ ಸಂಖ್ಯೆ ಎಂದರೆ ನಾಭಿದೂರವನ್ನು ಕಿಂಡಿಯ ಅಗಲದಿಂದ ಭಾಗಿಸಿದ್ದು. 300 ಮಿ.ಮೀ. ಲೆನ್ಸು ಎಫ್/5.6 ಆಗಬೇಕಾದರೆ ಕಿಂಡಿ 54 ಮಿಲಿಮೀಟರ್ ಅಗಲವಿರಬೇಕು; ಎಫ್/9ಕ್ಕೆ 33 ಸಾಕು. ಕಿಂಡಿ ಕುಗ್ಗಿದರೆ ಗಾಜು ಕುಗ್ಗುತ್ತದೆ, ಷಟರ್ ಕುಗ್ಗುತ್ತದೆ, ಫಿಲ್ಟರೂ ಕುಗ್ಗುತ್ತದೆ. ಎಫ್/5.6ರ 300 ಮಿ.ಮೀ. ಲೆನ್ಸುಗಳು ದೊಡ್ಡದಾದ ಕೋಪಾಲ್ 3 ಷಟರಿನಲ್ಲಿ ಕೂತು ಒಂದು ಕಿಲೋ ದಾಟುತ್ತವೆ. ನಿಕ್ಕೋರ್-ಎಂ 300 ಎಫ್/9ಕ್ಕೆ ಕೋಪಾಲ್ 1 ಸಾಕು, ತೂಕ 290 ಗ್ರಾಂ, ಫಿಲ್ಟರ್ 52 ಮಿಲಿಮೀಟರಿನದು. 1902ರಲ್ಲಿ ತ್ಸೈಸ್ ಕಂಪನಿಯ ಪಾಲ್ ರುಡಾಲ್ಫ್ ರೂಪಿಸಿದ ಟೆಸ್ಸಾರ್ ಮಾದರಿಯ ನಾಲ್ಕೇ ಗಾಜು ಅದರಲ್ಲಿವೆ. ಅದಕ್ಕಿಂತ ತುಸು ಹಗುರವಾದ ಫ್ಯುಜಿನಾನ್-ಎ 240 ಎಫ್/9 ಇನ್ನೂ ಚಿಕ್ಕ ಕೋಪಾಲ್ 0 ಷಟರಿನಲ್ಲೇ ಕೂರುತ್ತದೆ, ಅದಕ್ಕೂ 52ರ ಫಿಲ್ಟರೇ.

ಎಫ್/9ರ ಲೆನ್ಸು ಮಂದ ಎಂಬ ದೂರು ಹಳೆಯದು. ಎಫ್/5.6ಕ್ಕೆ ಹೋಲಿಸಿದರೆ ಅದು ಮಸುಕು ಗಾಜಿಗೆ ಕಳಿಸುವ ಬೆಳಕು ಎರಡೂವರೆ ಪಟ್ಟು ಕಡಿಮೆ, ಅದು ನಿಜ. ಚಿತ್ರ ತೆಗೆಯುವಾಗ ಮಾತ್ರ ಎರಡನ್ನೂ ಎಫ್/16, ಎಫ್/22ಕ್ಕೆ ಮುಚ್ಚಿಯೇ ತೆಗೆಯುವುದು. ವ್ಯತ್ಯಾಸ ಕಾಣುವುದು ಫೋಕಸ್ ಮಾಡುವಾಗಿನ ಎರಡು ನಿಮಿಷ. ಸಿಂದಗಿಯ ಎರೆಹೊಲದ ನಡುವೆ, ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿರುವಾಗ, ಬಟ್ಟೆ ದಪ್ಪಗಿದ್ದರೆ ಎಫ್/9 ಯಾವ ತೊಂದರೆಯನ್ನೂ ಕೊಡುವುದಿಲ್ಲ. ಮಲೆನಾಡಿನ ಕಾಡಿನಲ್ಲಿ ಈ ಮಾತು ಅಷ್ಟು ಸಲೀಸಾಗಿ ಹೇಳಲಾಗದು. ಈ ಜಿಲ್ಲೆಯಲ್ಲಿ ಹಳೆಯ ಗುಡಿಯ ಗರ್ಭಗುಡಿ, ಗೋಲಗುಮ್ಮಟದ ಒಳಗಣ ನಸುಗತ್ತಲೆ ಇಂಥ ಕಡೆ ಮಾತ್ರ ದೊಡ್ಡ ಕಿಂಡಿಯವರು ಗೆಲ್ಲುತ್ತಾರೆ. ಅಲ್ಲೂ ಕಂಬದ ಬುಡದಲ್ಲಿ ಒಂದು ಟಾರ್ಚ್ ಹಚ್ಚಿಟ್ಟು ಅದರ ಬೆಳಕಿಗೆ ಫೋಕಸ್ ಮಾಡುವ ಉಪಾಯ ಇದ್ದೇ ಇದೆ.

ಯಾವ ನಾಭಿದೂರ ಬೇಕೆಂಬುದನ್ನು ಹೇಳುವುದು ಊರು. ಗೋಲಗುಮ್ಮಟ 50 ಮೀಟರಿಗಿಂತ ಎತ್ತರ. ಮುಕ್ಕಾಲಿಯ ಮೇಲೆ ಕ್ಯಾಮೆರಾ ಮಟ್ಟವಾಗಿ ನಿಂತು, ಫಿಲ್ಮು ಲಂಬವಾಗಿದ್ದು, ಲೆನ್ಸನ್ನು ಎತ್ತದಿದ್ದರೆ, 150 ಮಿ.ಮೀ. ಲೆನ್ಸಿನಲ್ಲಿ 50 ಮೀಟರ್ ಎತ್ತರ ಹಿಡಿಸಲು 125 ಮೀಟರ್ ದೂರ ಹೋಗಬೇಕು. ಚಿತ್ರದ ಕೆಳಗಿನ ಅರ್ಧ ಬರೀ ನೆಲ. ವೃತ್ತ 189 ಇರುವ ಜಿ-ಕ್ಲಾರಾನ್ 150 ಎಂಬ ಲೆನ್ಸನ್ನು 21 ಮಿಲಿಮೀಟರ್ ಎತ್ತಿದರೆ 93 ಮೀಟರ್ ಸಾಕು. ನಿಕ್ಕೋರ್ ಎಸ್‌ಡಬ್ಲ್ಯು 90ನ್ನು ತುದಿಯವರೆಗೆ ಎತ್ತಿದರೆ 42 ಮೀಟರಿನಲ್ಲೇ ಕೆಲಸ ಮುಗಿಯುತ್ತದೆ. ಹಿಂದೆ ಸರಿಯುತ್ತ ಹೋದವರಿಗೆ ಮುಂದಿನ ನಗಾರಖಾನೆ ಅಡ್ಡ ಬರುವುದರಿಂದ ಈ ಲೆಕ್ಕ ಬರೀ ಕಾಗದದ್ದಲ್ಲ. ಬಸವನಬಾಗೇವಾಡಿಯ ಬಸವೇಶ್ವರ ಗುಡಿಯಂತೆ ಊರಿನ ನಡುವೆ, ಅಂಗಡಿ ಮನೆಗಳ ಮಗ್ಗುಲಲ್ಲಿ ನಿಂತ ಕಟ್ಟಡಗಳಿಗೂ 90 ಬೇಕು.

ಊರು ದಾಟಿದರೆ 90ಕ್ಕೆ ಕೆಲಸವಿಲ್ಲ. ಬಯಲುಸೀಮೆಯ ಬಯಲನ್ನು ಅಗಲ ಲೆನ್ಸಿನಲ್ಲಿ ಹಿಡಿದರೆ ದೂರದ್ದೆಲ್ಲ ಸಾಸಿವೆ ಕಾಳಾಗಿ, ಚಿತ್ರದ ತುಂಬ ಹೆಂಟೆ ಮತ್ತು ಆಕಾಶ ಉಳಿಯುತ್ತವೆ. ಇಲ್ಲಿ 150 ಮತ್ತು 240 ಮೇಲು. ಹಿಂಗಾರಿಯ ಕಡಲೆ ಹೊಲವನ್ನು ಕಾಲಬುಡದಿಂದ ದಿಗಂತದವರೆಗೆ ಸ್ಪಷ್ಟವಾಗಿ ತೆಗೆಯಲು ಲೆನ್ಸನ್ನು ಮುಂದಕ್ಕೆ ಬಗ್ಗಿಸುತ್ತಾರೆ. ಕ್ಯಾಮೆರಾ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 150ಕ್ಕೆ ಆರು ಡಿಗ್ರಿಗೆ ತುಸು ಕಡಿಮೆ ಬಾಗು ಸಾಕು, 300ಕ್ಕೆ ಹನ್ನೊಂದೂವರೆ ಬೇಕು. ಹೀಗೆ ಬಗ್ಗಿಸುವುದರ ಲಾಭ ಗಾಳಿ ಬಿಟ್ಟಾಗ ತಿಳಿಯುತ್ತದೆ. ಐಎಸ್ಒ 100ರ ಫಿಲ್ಮಿಗೆ ಬಿಸಿಲಿನಲ್ಲಿ ಎಫ್/22ಕ್ಕೆ 1/60 ಸೆಕೆಂಡು ಬೇಕು, ಅಷ್ಟರಲ್ಲಿ ಗಿಡದ ತುದಿ ಅಲುಗಿರುತ್ತದೆ. ಬಾಗಿಸಿದ ಲೆನ್ಸನ್ನು ಎಫ್/11ಕ್ಕೆ ತೆರೆದರೆ 1/250. ಬಿಳಿಜೋಳದ ಹೊಲದಲ್ಲಿ ಈ ಆಟ ನಡೆಯದು. ತೆನೆ ಹೊತ್ತ ದಂಟು ಮುಕ್ಕಾಲಿಗಿಂತ ಎತ್ತರ. ಮುದ್ದೇಬಿಹಾಳದ ಕಡೆ ಕೃಷ್ಣೆಯ ಹಿನ್ನೀರಿನ ಆಚೆ ದಡವನ್ನು ಹತ್ತಿರಕ್ಕೆ ತರಬೇಕಾದವರಿಗೆ ಮಾತ್ರ 300 ಬೇಕಾಗುತ್ತದೆ.

ಶಾಸನಗಳದ್ದು ಬೇರೆಯೇ ಬೇಡಿಕೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ರ ಕಂಬಶಾಸನ ಸಿಕ್ಕಿದ ಸಾಲೋಟಗಿ ಇರುವುದು ಇಂಡಿ ತಾಲ್ಲೂಕಿನಲ್ಲೇ. ಒಂದು ವಿದ್ಯಾಶಾಲೆಗೆ ಬಿಟ್ಟ ದತ್ತಿಯನ್ನು ಅದು ದಾಖಲಿಸುತ್ತದೆ. ಇಂಥ ಕಲ್ಲಿನ ಅಕ್ಷರಗಳನ್ನು ಅರ್ಧ ಗಾತ್ರದಲ್ಲಿ ತೆಗೆಯಬೇಕಾದರೆ ಬೆಲ್ಲೋಸ್ ನಾಭಿದೂರದ ಒಂದೂವರೆ ಪಟ್ಟು ಹಿಗ್ಗಬೇಕು, ಪೂರ್ಣ ಗಾತ್ರಕ್ಕೆ ಎರಡು ಪಟ್ಟು. ಮಡಚುವ ಕ್ಯಾಮೆರಾಗಳಲ್ಲಿ ಬಹುಪಾಲಿನ ಬೆಲ್ಲೋಸ್ 300 ಮಿಲಿಮೀಟರ್ ಆಸುಪಾಸಿಗೆ ನಿಲ್ಲುತ್ತದೆ. 150ರ ಲೆನ್ಸು ಪೂರ್ಣ ಗಾತ್ರವನ್ನೂ ಮುಟ್ಟುತ್ತದೆ. 240ಕ್ಕೆ 480 ಬೇಕಾಗಿ ಸೋಲುತ್ತದೆ. ಪೂರ್ಣ ಗಾತ್ರದಲ್ಲಿ ಬೆಳಕನ್ನು ನಾಲ್ಕು ಪಟ್ಟು ಕೊಡಬೇಕೆಂಬುದನ್ನು ಮರೆತರೆ ನೆಗೆಟಿವ್ ಬೆಳ್ಳಗೆ ಬರುತ್ತದೆ. ಜಿ-ಕ್ಲಾರಾನ್ ಮೂಲತಃ ಮುದ್ರಣಾಲಯಗಳ ಪ್ರೊಸೆಸ್ ಕ್ಯಾಮೆರಾಕ್ಕೆಂದು, ಪುಟವನ್ನು ಅದೇ ಅಳತೆಯಲ್ಲಿ ನಕಲು ಮಾಡಲು ಹುಟ್ಟಿದ ಲೆನ್ಸು. ಅದನ್ನು ಷಟರಿಗೆ ಕೂರಿಸಿ ಹೊಲಕ್ಕೂ ಶಾಸನಕ್ಕೂ ಒಂದನ್ನೇ ಬಳಸುವವರು ಜಾಣರು. ಒಂದೇ ಲೆನ್ಸು ಕೊಳ್ಳುವಷ್ಟು ದುಡ್ಡಿದ್ದರೆ ಕೊಳ್ಳಬೇಕಾದದ್ದು ಇದನ್ನೇ.

ಬೆಲ್ಲೋಸಿನ ಮಿತಿಯೇ 300ರ ಲೆನ್ಸಿಗೂ ತೊಡಕು. ಅನಂತ ದೂರಕ್ಕೆ ಅದು ಸರಿಹೋಗುತ್ತದೆ, ಹತ್ತು ಹೆಜ್ಜೆಯಾಚೆ ನಿಂತವರಿಗೆ ಫೋಕಸ್ ಸಿಗುವುದಿಲ್ಲ. ಪೂರ್ತಿ ಎಳೆದ ಬೆಲ್ಲೋಸು ಗಾಳಿಗೆ ಹಾಯಿಯಂತೆ ಅಲುಗುತ್ತದೆ ಕೂಡ. ಟೆಲಿಫೋಟೊ ವಿನ್ಯಾಸದ ಲೆನ್ಸು ಕಡಿಮೆ ಬೆಲ್ಲೋಸಿನಲ್ಲಿ ಕೆಲಸ ಮಾಡುತ್ತದೆಯಾದರೂ ತೂಕ ಹೆಚ್ಚು.

ಲೆನ್ಸನ್ನು ಬಿಚ್ಚದೆಯೇ ಕ್ಯಾಮೆರಾ ಮಡಚುವ ಆಸೆ ಎಲ್ಲರಿಗೂ ಇರುತ್ತದೆ. ಅದು ಸಾಧ್ಯವಾಗುವುದು ಹಿಂಗಾಜು ಚಿಕ್ಕದಾಗಿ, ಮುಂದೆಯೂ ಹೆಚ್ಚು ಚಾಚದ 135 ಅಥವಾ 150ರ ಲೆನ್ಸಿಗೆ, ಅದೂ ಕೆಲವೇ ಕ್ಯಾಮೆರಾಗಳಲ್ಲಿ. ಕೊಳ್ಳುವ ಮುನ್ನ ಆ ಕ್ಯಾಮೆರಾದಲ್ಲೇ ಹಾಕಿ ಮುಚ್ಚಿ ನೋಡಬೇಕು; ಬಲವಂತವಾಗಿ ಒತ್ತಿದರೆ ಮೊದಲು ಬಿರಿಯುವುದು ಮಸುಕು ಗಾಜು. ಎಲ್ಲ ಲೆನ್ಸುಗಳನ್ನೂ ಲಿನ್‌ಹಾಫ್ ಟೆಕ್ನಿಕಾ ಅಳತೆಯ ಲೆನ್ಸು ಹಲಗೆಗಳಿಗೆ ಕೂರಿಸಿಕೊಂಡರೆ ಮುಂದೆ ಕ್ಯಾಮೆರಾ ಬದಲಾದರೂ ಹಲಗೆ ಬದಲಿಸುವ ಗೋಜು ಕಡಿಮೆ.

ಇವೆಲ್ಲ ಈಗ ಸಿಗುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಆಗಿಯೇ. ನಿಕಾನ್ 2006ರಲ್ಲೇ ದೊಡ್ಡ ಕ್ಯಾಮೆರಾಗಳ ಲೆನ್ಸು ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿತು. ಗಾಜಿನ ಹಿಂದೆ ಟಾರ್ಚ್ ಹಿಡಿದರೆ ಬೂಷ್ಟು ಜೇಡರಬಲೆಯಂತೆ ಕಾಣುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಮಿಂಚಿದರೆ ಒಳಗಿನ ಅಂಟು ಬಿಡುತ್ತಿದೆ ಎಂದರ್ಥ. ಸಣ್ಣ ಗೀರು, ಒಂದೆರಡು ಧೂಳಿನ ಕಣಕ್ಕೆ ಬೆಲೆ ಇಳಿಸಿ ಕೇಳಬಹುದೇ ಹೊರತು ಹೆದರಬೇಕಿಲ್ಲ. ಷಟರನ್ನು ಒಂದು ಸೆಕೆಂಡಿಗೆ ಇಟ್ಟು ಹತ್ತು ಸಲ ಬಿಡಬೇಕು. ಸದ್ದು ಎಳೆದಂತೆ ಕೇಳಿದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ. ವಿಜಯಪುರದ ಬೇಸಿಗೆಯ ಧೂಳಿನಲ್ಲಿ ಓಡಾಡಿದ ಷಟರಿಗೆ ಈ ರೋಗ ಬೇಗ ಬರುವುದರಿಂದ, ಲೆನ್ಸನ್ನು ಬರಿದೇ ಚೀಲಕ್ಕೆ ಹಾಕದೆ ಹಳೆಯ ಧೋತರದ ಮೆತ್ತನೆ ತುಂಡಿನಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು.