ಕರುವಿನ ಪಾಲು, ಕಂದನ ಪಾಲು

ಡಬ್ಬಿಹಾಲಿನಲ್ಲಿ ಪ್ರೋಟೀನ್ ಹೆಚ್ಚು, ಆದ್ದರಿಂದ ಅದೇ ಮೇಲು ಎಂಬ ಮಾತನ್ನು ನೀವೂ ಕೇಳಿರಬಹುದು. ಲೆಕ್ಕ ನೋಡೋಣ. 100 ಮಿ.ಲೀ. ತಾಯಿಹಾಲಿನಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ. ಹಸುವಿನ ಹಾಲಿನಲ್ಲಿ 3 ಗ್ರಾಂಗೂ ಹೆಚ್ಚು. ಕರುವಿನ ತೂಕ ಸುಮಾರು 50 ದಿನಗಳಲ್ಲಿ ಇಮ್ಮಡಿಯಾಗಬೇಕು; ನಮ್ಮ ಕಂದನಿಗೆ ನಾಲ್ಕೈದು ತಿಂಗಳ ಅವಕಾಶವಿದೆ! ಬಳಕೆಯಾಗದೆ ಉಳಿದ ಪ್ರೋಟೀನಿನಿಂದ ಯೂರಿಯಾ ಉಂಟಾಗುತ್ತದೆ. ಅದನ್ನು ಹೊರಹಾಕುವ ಹೊರೆ ಎಳೆಯ ಮೂತ್ರಪಿಂಡಗಳದು. ಅದಕ್ಕೇ ಹಸುವಿನ ಹಾಲಿನಿಂದ ಶಿಶುಗಳ ಪುಡಿ ತಯಾರಿಸುವಾಗ ಪ್ರೋಟೀನನ್ನು ಇಳಿಸುತ್ತಾರೆ. ಆದರೂ ತಾಯಿಹಾಲಿಗಿಂತ ತುಸು ಹೆಚ್ಚೇ ಉಳಿಸುತ್ತಾರೆ. ಏಕೆ? ಹಸುವಿನ ಪ್ರೋಟೀನಿನಲ್ಲಿ ಟ್ರಿಪ್ಟೋಫ್ಯಾನ್‌ನಂಥ ಅಮೈನೋ ಆಮ್ಲಗಳ ಪಾಲು ಕಡಿಮೆ. ಆ ಕೊರತೆ ತುಂಬಲು. 2009ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ, ಹೆಚ್ಚು ಪ್ರೋಟೀನಿನ ಪುಡಿಹಾಲು ಕುಡಿದ ಮಕ್ಕಳು ಕಡಿಮೆ ಪ್ರೋಟೀನಿನದನ್ನು ಕುಡಿದವರಿಗಿಂತ ಎರಡು ವರ್ಷಕ್ಕೆ ತೂಕದಲ್ಲಿ ಮುಂದಿದ್ದರು, ಎತ್ತರದಲ್ಲಿ ಅಲ್ಲ.